ನೆಲದಿಂದ ಹೊಗೆ ಏಳುತ್ತಿದ್ದ ಊರು

"14 ಜನ ಇರೋ ಊರು ನೋಡೋಕೆ ಐದು ಗಂಟೆ ಕಾರು ಓಡಿಸಿದ್ರಾ?" ಅಂತ ಗೆಳೆಯರೊಬ್ಬರು ಕೇಳಿದರು. ಹೌದು, ಜುಲೈ ತಿಂಗಳ ಕೊನೆಯ ವಾರಾಂತ್ಯವನ್ನೇ ನೋಡಿಕೊಂಡು ಹೋಗಿದ್ದೆ. ಅಮೆರಿಕದ ಕಾನ್ಸಸ್ ಸಿಟಿಯಿಂದ ಪಶ್ಚಿಮಕ್ಕೆ ಹೋದಹಾಗೆ ಮರಗಳು ಕಮ್ಮಿಯಾಗುತ್ತಾ, ಕೊಯ್ಲಾದ ಗೋಧಿ ಹೊಲ, ಗಾಳಿ, ಆಕಾಶ ಇಷ್ಟೇ ಉಳಿಯುತ್ತದೆ. ಆ ಬಟ್ಟಬಯಲಿನಲ್ಲಿದೆ ಕಾನ್ಸಸ್ ರಾಜ್ಯದ ನಿಕೊಡೀಮಸ್, ಕಪ್ಪು ಜನ ಕಟ್ಟಿದ ಊರು.

1877ರ ಮಾತು. ಗುಲಾಮಗಿರಿ ಹೋಗಿ ಹನ್ನೆರಡು ವರ್ಷವಾಗಿತ್ತು. ಸ್ವಂತ ಭೂಮಿ, ಸ್ವಂತ ಊರು ಸಿಗುತ್ತದೆ ಎಂಬ ಕರಪತ್ರ ನಂಬಿ ಕೆಂಟಕಿಯ ಕಪ್ಪು ಕುಟುಂಬಗಳು ಹೊರಟವು. ಕಾನ್ಸಸ್‌ನ ಎಲ್ಲಿಸ್ ಎಂಬ ಊರಿನ ತನಕ ರೈಲು, ಅಲ್ಲಿಂದ ಮುಂದೆ 50 ಕಿಲೋಮೀಟರಿಗೂ ಹೆಚ್ಚು ಹಾದಿ. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ, ಊರು ಬಂತು ಅಂದಾಗ ಕಣ್ಣಾಡಿಸಿದರೆ ಏನೂ ಇಲ್ಲ. ಎಲ್ಲಿದೆ ಊರು ಅಂತ ಕೇಳಿದರು. ನೆಲದಿಂದ ಅಲ್ಲಲ್ಲಿ ಏಳುತ್ತಿದ್ದ ಹೊಗೆಯನ್ನು ಗಂಡ ತೋರಿಸಿದರು. ಮನೆ ಕಟ್ಟಲು ಮರವಿಲ್ಲದೆ ಜನ ನೆಲ ಅಗೆದು ಒಳಗೆ ವಾಸವಾಗಿದ್ದರು. ಆಕೆ ಅತ್ತುಬಿಟ್ಟರಂತೆ. ಆದರೂ ಅಲ್ಲೇ ನಿಂತರು.

ಹಲವರು ವಾಪಸ್ ಹೋದರು, ಅವರನ್ನು ತಪ್ಪು ಅನ್ನಲಾರೆ. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ ಮಾಂಸ ಕೊಡದಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ! ಸ್ವಂತ ನೆಲದಿಂದ ಹೊರದಬ್ಬಿಸಿಕೊಂಡವರು, ನೆಲ ಹುಡುಕಿ ಬಂದವರ ಹೊಟ್ಟೆಗೆ ಹಾಕಿದರು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹತ್ತೇ ವರ್ಷದಲ್ಲಿ ಚರ್ಚು, ಶಾಲೆ, ಹೋಟೆಲು, ಅಂಗಡಿ, ಪತ್ರಿಕೆ ಎಲ್ಲ ಬಂದವು. ಇದೇ ಊರಿನ ಎಡ್ವರ್ಡ್ ಮೆಕ್‌ಕೇಬ್ 1882ರಲ್ಲಿ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾವಣೆ ಗೆದ್ದರು. ರೈಲು ಬರಲಿ ಅಂತ 1887ರಲ್ಲಿ ಜನ 16,000 ಡಾಲರ್ ಬಾಂಡ್‌ಗೆ, ಅಂದರೆ ಸಾಲಪತ್ರಕ್ಕೆ, ಮತ ಹಾಕಿದರು. ಬರಲಿಲ್ಲ. 1888ರಲ್ಲಿ ಹಳಿ ಬಿದ್ದದ್ದು ಸಾಲೊಮನ್ ನದಿಯ ಆಚೆ ದಡದಲ್ಲಿ, ಬೋಗ್ ಎಂಬ ಜಾಗದ ಕಡೆ. ಅಂಗಡಿಯವರು ವ್ಯಾಪಾರವನ್ನೆಲ್ಲ ಎತ್ತಿಕೊಂಡು ಅತ್ತ ನಡೆದರು. ಮುಂದೆ ಮೂವತ್ತರ ದಶಕದ ಬರ, ಧೂಳು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಇಷ್ಟು ಓದಿದವರು ಇದನ್ನು ಸತ್ತ ಊರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಊರನ್ನು ತಲೆ ಎಣಿಸಿ ಅಳೆಯುವುದು ರೈಲು ಕಂಪನಿಯ ಲೆಕ್ಕ. ವಿಮೋಚನೆಯ ಹಬ್ಬ ಅಂತ ಹಿಂದಿನವರು ಶುರುಮಾಡಿದ್ದು ಇವತ್ತಿಗೂ ಜುಲೈ ಕೊನೆಯ ವಾರಾಂತ್ಯ ಹೋಮ್‌ಕಮಿಂಗ್, ಅಂದರೆ ಊರಿಗೆ ಮರಳುವ ಹಬ್ಬ, ಎಂಬ ಹೆಸರಲ್ಲಿ ನಡೆಯುತ್ತಿದೆ. ವಂಶಸ್ಥರು ಎಲ್ಲೆಲ್ಲಿಂದಲೋ ಬರುತ್ತಾರೆ. 1996ರಲ್ಲಿ ಈ ಊರು ರಾಷ್ಟ್ರೀಯ ಐತಿಹಾಸಿಕ ತಾಣವಾದದ್ದೂ, ಬಿಟ್ಟುಹೋದರೂ ಊರನ್ನು ಕೈಬಿಡದ ಇಂಥವರಿಂದಲೇ.

ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್ ಹತ್ತಿರ ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೋಗಿ ಬರುವ ಮಕ್ಕಳನ್ನೆಲ್ಲ ತಡೆದು, ಯಾರ ಮನೆಯವನು, ಯಾರ ಮೊಮ್ಮಗಳು ಅಂತ ವಿಚಾರಿಸುತ್ತಿದ್ದರು. ಒಬ್ಬ ಹುಡುಗನ ಕೈ ಹಿಡಿದು ಬರೀ ಹುಲ್ಲಿದ್ದ ಇಳಿಜಾರು ತೋರಿಸಿ, ನಿಮ್ಮ ಮನೆಯಿದ್ದದ್ದು ಅಲ್ಲಿ ಅಂದರು. ಹುಡುಗ ಫೋನು ಜೇಬಿಗಿಟ್ಟು ಆ ಕಡೆ ನಡೆದ.

ಮುಂದಿನ ಜುಲೈಗೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಈ ಕಡೆ ಇರುವ ಕನ್ನಡದವರು ಯಾರಾದರೂ ಬರುವುದಾದರೆ ತಿಳಿಸಿ, ಒಟ್ಟಿಗೆ ಹೊರಡೋಣ.