ನೆಲ್ಸನ್ ಮಲಗಿದ್ದ ಕಟ್ಟಡದಲ್ಲೇ ಒಂದು ರಿಯಾಕ್ಟರ್ ಇತ್ತು

ಲಂಡನ್‌ಗೆ ಹೋದ ನಮ್ಮವರು ಗ್ರೀನಿಚ್ ನೋಡದೆ ಬರಲ್ಲ. ಅಲ್ಲಿನ ಶೂನ್ಯ ರೇಖಾಂಶದ ಗೆರೆಯ ಮೇಲೆ ಒಂದು ಕಾಲು ಪೂರ್ವಕ್ಕೆ, ಒಂದು ಕಾಲು ಪಶ್ಚಿಮಕ್ಕೆ ಇಟ್ಟು ಫೋಟೋ. ಆಮೇಲೆ ಗುಡ್ಡ ಇಳಿದು ಥೇಮ್ಸ್ ದಡದ ಭವ್ಯ ಕಟ್ಟಡಗಳ ಮುಂದೆ ಇನ್ನೊಂದು. ಅದೇ ಕಟ್ಟಡಗಳ ಒಂದು ಭಾಗದಲ್ಲಿ 1962ರಿಂದ 1996ರವರೆಗೆ ಅಣು ರಿಯಾಕ್ಟರ್ ಕೆಲಸ ಮಾಡುತ್ತಿತ್ತು. ಅದರ ಹೆಸರು ಜೇಸನ್.

ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಈ ಜಾಗವನ್ನು ಯೋಜಿಸಿದ್ದು ವಯಸ್ಸಾದ, ಗಾಯಗೊಂಡ ನಾವಿಕರ ಆಶ್ರಯಕ್ಕೆ. 1873ರಲ್ಲಿ ಅದು ರಾಯಲ್ ನೇವಲ್ ಕಾಲೇಜ್ ಆಯಿತು. 1806ರಲ್ಲಿ, ಯುದ್ಧದಲ್ಲಿ ಸತ್ತ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ದೇಹವನ್ನು ಜನರ ದರ್ಶನಕ್ಕೆ ಇಟ್ಟಿದ್ದ ಪೇಂಟೆಡ್ ಹಾಲ್ ಇರುವುದು ಕಿಂಗ್ ವಿಲಿಯಂ ಕಟ್ಟಡದಲ್ಲಿ. ಜೇಸನ್ ಇದ್ದದ್ದೂ ಅಲ್ಲೇ!

ಯಾಕೆ ಬೇಕಿತ್ತು? 1960ರಲ್ಲಿ ಬ್ರಿಟನ್ನಿನ ಮೊದಲ ಅಣು ಜಲಾಂತರ್ಗಾಮಿ ಡ್ರೆಡ್‌ನಾಟ್ ನೀರಿಗಿಳಿಯಿತು. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ರಿಯಾಕ್ಟರ್‌ಗೆ ಬೇಡ. ಹಾಗಾಗಿ ಅದು ತಿಂಗಳುಗಟ್ಟಲೆ ನೀರಿನಡಿಯೇ ಇರಬಲ್ಲದು. ಆದರೆ ಅಷ್ಟೂ ದಿನ ಸಿಬ್ಬಂದಿ ಊಟ, ನಿದ್ದೆ ಎಲ್ಲ ರಿಯಾಕ್ಟರ್ ಪಕ್ಕದಲ್ಲೇ. ಏನಾದರೂ ಕೆಟ್ಟರೆ ಓಡಿಹೋಗಲು ಜಾಗವಿಲ್ಲ. ಅಂಥ ರಿಯಾಕ್ಟರ್ ನಡೆಸುವವರಿಗೆ ತರಬೇತಿ ಕೊಡಲೆಂದೇ ನೌಕಾಪಡೆ ಜೇಸನ್ ಇಟ್ಟುಕೊಂಡಿತ್ತು.

ಪುಸ್ತಕ, ಸಿಮ್ಯುಲೇಟರ್ ಸಾಲದಾ ಅಂತ ಕೇಳಬಹುದು. ಸಾಲದು ಅಂತಲೇ ನನ್ನ ಗಟ್ಟಿ ಅಭಿಪ್ರಾಯ. ನ್ಯೂಟ್ರಾನ್‌ಗಳನ್ನು ಹೀರಿ ರಿಯಾಕ್ಟರನ್ನು ತಡೆಹಿಡಿಯುವ ಕಂಟ್ರೋಲ್ ಸಾಧನವನ್ನು ಒಂದಿಷ್ಟೇ ಸರಿಸಿ, ನ್ಯೂಟ್ರಾನ್ ಎಣಿಸುವ ಮೀಟರ್ ನೋಡಬೇಕು. ಅಂಕಿ ಏರುತ್ತೆ, ನಿಲ್ಲುತ್ತೆ. ಇನ್ನೊಂದಿಷ್ಟು ಸರಿಸಿದರೆ ಮತ್ತೆ ಏರುತ್ತೆ, ಆದರೆ ನಿಲ್ಲಲು ಮೊದಲಿಗಿಂತ ಜಾಸ್ತಿ ಹೊತ್ತು ತಗೊಳ್ಳುತ್ತೆ. ಕೊನೆಗೊಮ್ಮೆ ಅಂಕಿ ನಿಲ್ಲುವುದೇ ಇಲ್ಲ. ಒಂದು ಪರಮಾಣು ಸೀಳಿ ಬಂದ ನ್ಯೂಟ್ರಾನ್ ಇನ್ನೊಂದನ್ನು ಸೀಳುವ ಸರಣಿ ಕ್ರಿಯೆ ಈಗ ತನ್ನ ಕಾಲ ಮೇಲೆ ತಾನೇ ನಿಂತಿದೆ. ಆ ಕಾಯುವಿಕೆಯನ್ನು ನಿಜವಾದ ಯಂತ್ರದ ಮುಂದೆ ಅನುಭವಿಸಿದವನಿಗೆ ಅವಸರ ಮಾಡಬಾರದು ಅಂತ ಯಾರೂ ಹೇಳಿಕೊಡಬೇಕಿಲ್ಲ. ಶೇಕಡಾ ಒಂದಕ್ಕಿಂತ ಕಡಿಮೆ ನ್ಯೂಟ್ರಾನ್‌ಗಳು ಸ್ವಲ್ಪ ತಡವಾಗಿ ಹೊರಬರುತ್ತವೆ. ಅಷ್ಟರಿಂದಲೇ ರಿಯಾಕ್ಟರ್ ನಮ್ಮ ಹತೋಟಿಗೆ ಸಿಗುವುದು. ಪಾಠದಲ್ಲಿ ಇದು ಒಂದು ಸಾಲು, ಅಷ್ಟೇ.

ಜೇಸನ್ ಸಾಮರ್ಥ್ಯ 10 ಕಿಲೋವ್ಯಾಟ್. ನಮ್ಮ ಮನೆಗಳ ಐದು ಗೀಸರ್‌ಗಳಷ್ಟು. ಕಲಿಯುವವರಿಗೆ ಇಂಥ ಪುಟ್ಟ ರಿಯಾಕ್ಟರ್ರೇ ಸರಿ. ಅಮೆರಿಕದ ಆರ್ಗಾನ್ ಪ್ರಯೋಗಾಲಯ ಈ ಮಾದರಿಯನ್ನು ರೂಪಿಸಿದ್ದೇ ತರಬೇತಿ ಮತ್ತು ಸಂಶೋಧನೆಗಾಗಿ.

ಹಾಗಂತ ಎಲ್ಲವನ್ನೂ ಒಪ್ಪಲಾರೆ. ಚಿಕ್ಕದಾದರೂ ಅದು ಯುರೇನಿಯಂ ಉರಿಸುವ ರಿಯಾಕ್ಟರ್, ಸುತ್ತ ಲಕ್ಷಾಂತರ ಜನ. ಪಕ್ಕದಲ್ಲಿ ಏನಿದೆ ಅಂತ ತಿಳಿಯುವುದು ಅವರ ಹಕ್ಕು ಅಲ್ವಾ? ಅಪಾಯ ಕಡಿಮೆ ಅಂತ ಗೊತ್ತಿದ್ದವರೇ ಮುಂದೆ ಬಂದು ಜೋರಾಗಿ ಹೇಳಬೇಕಿತ್ತು. ಇಂಥ ವಿಷಯದಲ್ಲಿ ಸುಮ್ನಿದ್ದರೆ ಭಯ ಬೆಳೆಯುತ್ತದೆ.

ಕೊನೆಗೆ ಜೇಸನ್ ಬಿಚ್ಚಿದ ಕೆಲಸವಂತೂ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು. ಮೊದಲು ಇಂಧನ ತೆಗೆದರು, ಆಮೇಲೆ ಉಳಿದದ್ದು. ಸುಮಾರು 270 ಟನ್ ವಿಕಿರಣ ತ್ಯಾಜ್ಯ ಹೊರಗೆ ಹೋಯಿತು. 1999ರ ಹೊತ್ತಿಗೆ ಕೆಲಸ ಮುಗಿಯಿತು. 300 ವರ್ಷದಷ್ಟು ಹಳೆಯ ಕಟ್ಟಡ ಉಳಿಯಿತು. ತರಬೇತಿ ಗಾಸ್‌ಪೋರ್ಟ್‌ನಲ್ಲಿರುವ ನೌಕಾಪಡೆಯ ನೆಲೆ ಎಚ್‌ಎಂಎಸ್ ಸುಲ್ತಾನ್‌ಗೆ ಹೋಯಿತು. ಈಗ ಈ ಆವರಣದಲ್ಲಿ ಗ್ರೀನಿಚ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಓದುತ್ತಾರೆ.

ನೆಲ್ಸನ್ ಕಥೆಯನ್ನು ಮನಸಾರೆ ಹೇಳುವ ಜಾಗ ಅದು. ಜೇಸನ್ ಕಥೆಯನ್ನೂ ಅಷ್ಟೇ ವಿವರವಾಗಿ ಹೇಳಲಿ. ನಡೆಸಿದ್ದು ಹೇಗೆ, ಬಿಚ್ಚಿದ್ದು ಹೇಗೆ, ತ್ಯಾಜ್ಯ ಎಷ್ಟು ಬಂತು, ಎಲ್ಲವೂ ಇರಲಿ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಗೈಡ್ ಹತ್ತಿರ ದಯವಿಟ್ಟು ಕೇಳಿ.