ಕಥೆ ಮೊದಲೇ ಹೇಳಿದರೆ ಏನು ಹೋಯಿತು?

ಪುಣೆಯ ನಮ್ಮ ಆಫೀಸಿನ ಊಟದ ಟೇಬಲ್ಲಿಗೆ ಒಂದು ಕಟ್ಟುಪಾಡಿದೆ. ಒಂದು ರಾಜಮನೆತನದ ಸಿಂಹಾಸನದ ಜಗಳ ಹೇಳುವ ಅಮೆರಿಕದ ಸೀರೀಸ್ ‘ಹೌಸ್ ಆಫ್ ದ ಡ್ರ್ಯಾಗನ್’ ಬರುವಷ್ಟು ವಾರವೂ ಬುಧವಾರದ ತನಕ ಅದರ ಸುದ್ದಿ ಎತ್ತುವಂತಿಲ್ಲ. ಅಮೆರಿಕದಲ್ಲಿ ಭಾನುವಾರ ರಾತ್ರಿ 9ಕ್ಕೆ ಬರುವ ಕಂತು ನಮ್ಮಲ್ಲಿ ಸೋಮವಾರ ಬೆಳಿಗ್ಗೆ 6.30ಕ್ಕೇ ಫೋನಿಗೆ ಬಂದಿರುತ್ತದೆ. ಅರ್ಧಕ್ಕರ್ಧ ಜನ ನೋಡಿಕೊಂಡೇ ಆಫೀಸಿಗೆ ಬಂದಿರುತ್ತಾರೆ, ಆದರೂ ಬಾಯಿ ಬಿಡುವುದಿಲ್ಲ. ಮದ್ದೂರು ಕಡೆಯಿಂದ ಬಂದು ಹೊಸದಾಗಿ ಸೇರಿದ್ದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಡಬ್ಬಿ ಬಿಚ್ಚುತ್ತಾ ತನ್ನ ಹಿಂದಿಯಲ್ಲಿ ಹೇಳಿಬಿಟ್ಟ: ಆ ಚಿಕ್ಕ ರಾಜಕುಮಾರ ಸತ್ತ, ಆದರೆ ಮಳೆಯಲ್ಲಿ ಅವನ ಡ್ರ್ಯಾಗನ್ ಹೆದರಿ ಮಾತು ಕೇಳದೆ ಹೋಗುತ್ತದಲ್ಲ, ಅದನ್ನು ನೋಡಬೇಕು. ಸಂಜೆಯೊಳಗೆ ಅವನನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದರು. ‘ಸತ್ತ’ ಅನ್ನುವಷ್ಟರಲ್ಲಿ ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರಿಂದ ಅವನ ಮಾತಿನ ಉಳಿದರ್ಧ ಯಾರಿಗೂ ಕೇಳಿಸಲಿಲ್ಲ. ನನಗೆ ಚುಚ್ಚಿದ್ದು ಅದು. ಅವನು ಹೇಳಹೊರಟಿದ್ದೇ ಆ ಉಳಿದರ್ಧವನ್ನು.

ಮಂಡ್ಯದ ಕಡೆಯವನು ಹಾಗಲ್ಲದೆ ಇನ್ನು ಹೇಗೆ ನೋಡಿಯಾನು? ನಮ್ಮ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂದರೆ ಕುರುಕ್ಷೇತ್ರ ಕಟ್ಟುತ್ತಾರೆ. ರಾತ್ರಿ ಪರದೆ ಎದ್ದರೆ ಬೆಳಗಿನ ಜಾವ ಗದಾಯುದ್ಧ. ಚಾಪೆ ತಂದು ಮುಂದೆ ಕೂತ ಅಜ್ಜಿಯಿಂದ ಹಿಡಿದು ಬೋಂಡ ಕರಿಯುವವನ ತನಕ, ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ತಿಳಿಯದವರು ಒಬ್ಬರೂ ಇಲ್ಲ. ಆದರೂ ಚಳಿಯಲ್ಲಿ ಟವೆಲ್ ಸುತ್ತಿಕೊಂಡು ಕೂತಿರುತ್ತಾರೆ. ಪಕ್ಕದ ಮಗು ‘ಕರ್ಣ ಸಾಯ್ತಾನಾ ತಾತ?’ ಅಂದರೆ ‘ಸಾಯದು ಗೊತ್ತಿರದೇ ಕಣ್ಲಾ, ಎಂಗ್ ಮಾಡ್ತನೆ ನೋಡ್ಮ ಸುಮ್ಕಿರು’ ಎಂಬ ಉತ್ತರ ಬರುತ್ತದೆ. ಆ ‘ಎಂಗ್ ಮಾಡ್ತನೆ’ಯಲ್ಲಿ ನೂರೆಂಟು ಲೆಕ್ಕಗಳಿವೆ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಕಪ್ಪು ಎರಡರ ಶ್ರುತಿ ಹಿಡಿದಿದ್ದಾರೆ, ಇವನ ಗಂಟಲು ಅಲ್ಲಿಗೆ ಹತ್ತುತ್ತದೋ ಇಲ್ಲವೋ. ಕಂದಪದ್ಯದ ಕೊನೆಯ ಸಾಲಿನಲ್ಲಿ ಉಸಿರು ಉಳಿಸಿಕೊಂಡಿದ್ದಾನೋ, ಆಲಾಪದಲ್ಲೇ ಖರ್ಚು ಮಾಡಿಕೊಂಡನೋ. ಮೈಕುಗಳು ಮೇಲಿಂದ ತೂಗುತ್ತಿರುತ್ತವೆ. ಅದರ ಕೆಳಗೆ ನಿಂತು ಮಾತು ಶುರು ಮಾಡಿದವನು ಆವೇಶ ಬಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮಾತಿನ ತುದಿ ಹಿಂದಿನ ಸಾಲಿಗೆ ಕೇಳುವುದಿಲ್ಲ. ಹಳೆಯ ನಟ ಕೋಪದ ಮಾತನ್ನೂ ನಿಂತಲ್ಲೇ ನಿಂತು, ಗದೆಯನ್ನು ಮಾತ್ರ ಆಡಿಸಿ ಮುಗಿಸುತ್ತಾನೆ. ಇದನ್ನೆಲ್ಲ ನೋಡುವ ಕಣ್ಣಿಗೆ ಕಥೆ ಮೊದಲೇ ಗೊತ್ತಿರಬೇಕು. ಮುಂದೇನು ಎಂಬ ಆತಂಕದಲ್ಲಿ ಇರುವವನಿಗೆ ಮೈಕಿನ ಕೆಳಗಿನ ಪಾದ ಕಾಣುವುದಿಲ್ಲ.

ಕೃಷ್ಣನ ಪಾತ್ರವನ್ನೇ ತೆಗೆದುಕೊಳ್ಳಿ. ಕರಪತ್ರದಲ್ಲೇ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ಅಚ್ಚಾಗಿರುತ್ತದೆ. ರಾತ್ರಿಯಿಡೀ ಒಬ್ಬನೇ ಹಾಡಿದರೆ ಗಂಟಲು ನಿಲ್ಲುವುದಿಲ್ಲ ಎಂಬುದು ಒಂದು ಕಾರಣ. ಪಾತ್ರಕ್ಕೆ ದುಡ್ಡು ಹಾಕಿ ಬಣ್ಣ ಹಚ್ಚುವ ಆಸೆಯವರು ಊರಿನಲ್ಲಿ ಒಬ್ಬಿಬ್ಬರಲ್ಲ ಎಂಬುದು ಇನ್ನೊಂದು. ತೆಳ್ಳಗಿನ ಕೃಷ್ಣ ಒಳಗೆ ಹೋಗಿ ದಪ್ಪ ಕೃಷ್ಣ ಹೊರಗೆ ಬಂದರೆ ಯಾರೂ ‘ಇವನ್ಯಾರು’ ಅನ್ನುವುದಿಲ್ಲ. ಕಿರೀಟ, ನವಿಲುಗರಿ, ಕೊಳಲು ಕಂಡರೆ ಮುಗಿಯಿತು, ಮಿಕ್ಕಿದ್ದು ದನಿಗೆ ಬಿಟ್ಟದ್ದು. 2022ರಲ್ಲಿ ಈ ಡ್ರ್ಯಾಗನ್ ಸೀರೀಸಿನ ಮೊದಲ ಸೀಸನ್ ಬಂದಾಗ ಐದನೇ ಕಂತಿನ ತನಕ ಮಿಲಿ ಆಲ್ಕಾಕ್, ಎಮಿಲಿ ಕೇರಿ ಮಾಡಿದ್ದ ರಾಜಕುಮಾರಿ ಮತ್ತು ಅವಳ ಗೆಳತಿಯ ಪಾತ್ರಗಳನ್ನು ಆರನೇ ಕಂತಿನಿಂದ ಎಮ್ಮಾ ಡಾರ್ಸಿ, ಒಲಿವಿಯಾ ಕುಕ್ ವಹಿಸಿಕೊಂಡರು. ಕಥೆ ಹತ್ತು ವರ್ಷ ಮುಂದೆ ಹಾರಿತ್ತು. ಪುಣೆಯಲ್ಲಿ ಇದಕ್ಕೆ ಎರಡು ವಾರ ಗೊಣಗಾಟ ನಡೆಯಿತು. ಮುಖ ಸರಿಹೊಂದುವುದಿಲ್ಲ, ಹಳೆಯವಳನ್ನೇ ಇಟ್ಟುಕೊಂಡು ಮೇಕಪ್ ಮಾಡಬಹುದಿತ್ತು ಎಂದರು. ಮಂಡ್ಯದಿಂದ ನಮ್ಮ ಮನೆಯ ಗ್ರೂಪಿಗೆ ಬಂದ ಅಭಿಪ್ರಾಯ ಒಂದೇ ಸಾಲು: ಎರಡನೆಯವಳ ಕತ್ತಿನ ನಿಲುವು ಮೊದಲನೆಯವಳದೇ. ನಾನು ಹಿಂದಕ್ಕೆ ಹೋಗಿ ನೋಡಿದೆ. ಸಭೆಯಲ್ಲಿ ಅವಮಾನ ಆದಾಗ ಗಲ್ಲ ಎತ್ತಿ, ಕಣ್ಣು ಮಾತ್ರ ಕೆಳಗಿಳಿಸುವ ರೀತಿ ಇಬ್ಬರಲ್ಲೂ ಹಾಗೆಯೇ ಇದೆ.

ಆ ಸೀಸನ್ನಿನ ಅತ್ಯುತ್ತಮ ದೃಶ್ಯ ಎಂಟನೇ ಕಂತಿನದು, ಅದರಲ್ಲಿ ಗುಟ್ಟು ಎಂಬುದೇ ಇಲ್ಲ. ರಾಜ ಮೊದಲ ಕಂತಿನಿಂದಲೇ ರೋಗಿಷ್ಠ. ಕಂತಿಗಿಷ್ಟು ಕೊಳೆಯುತ್ತಾ ಬಂದಿದ್ದಾನೆ. ಇನ್ನು ಹೆಚ್ಚು ದಿನ ಇಲ್ಲ ಎಂಬುದು ಸಭೆಗೂ ಗೊತ್ತು, ನಮಗೂ ಗೊತ್ತು. ಮಗಳ ಮಕ್ಕಳ ಹಕ್ಕಿನ ವಿಚಾರಣೆ ನಡೆಯುತ್ತಿರುವಾಗ ಬಾಗಿಲು ತೆರೆಯುತ್ತದೆ. ಅರ್ಧ ಮುಖಕ್ಕೆ ಚಿನ್ನದ ಮುಚ್ಚಳ, ಕೈಯಲ್ಲಿ ಊರುಗೋಲು. ರಾಜನ ಪಾತ್ರದ ಪ್ಯಾಡಿ ಕಾನ್ಸಿಡೈನ್ ಆ ಉದ್ದನೆಯ ಸಭಾಂಗಣವನ್ನು ಪೂರ್ತಿ ನಡೆಯುತ್ತಾರೆ. ಕ್ಯಾಮೆರಾ ಅವಸರ ಮಾಡಿ ಕತ್ತರಿಸುವುದಿಲ್ಲ. ಕಾಲೂರಿದ ಮೇಲೆ ಮೈ, ಆಮೇಲೆ ಉಸಿರು. ಸಿಂಹಾಸನದ ಮೆಟ್ಟಿಲ ಬಳಿ ಕಿರೀಟ ಜಾರಿ ಬೀಳುತ್ತದೆ. ಜೀವಮಾನವೆಲ್ಲ ಅಣ್ಣನೊಂದಿಗೆ ಜಗಳವಾಡಿದ ತಮ್ಮ ಬಗ್ಗಿ ಅದನ್ನೆತ್ತಿ ಅಣ್ಣನ ತಲೆಗೆ ಇಡುತ್ತಾನೆ. ಇದನ್ನು ಹೀಗೆ ಬರೆದದ್ದರಿಂದ ಓದಿದವರು ಏನನ್ನೂ ಕಳೆದುಕೊಂಡಿಲ್ಲ. ಈಗ ಹೋಗಿ ನೋಡಿದರೂ ಗಂಟಲು ಕಟ್ಟುತ್ತದೆ. ಕುಂತಿ ಬಂದು ‘ಮಗನೇ’ ಅನ್ನುವ ಗಳಿಗೆಗೆ ಕಾದು ಕೂರುವ ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಇನ್ನೊಂದು ವಿಷಯ. ಈ ಕಥೆಯ ಗುಟ್ಟು ಕಾಪಾಡುವುದರಲ್ಲಿ ಅರ್ಥವೂ ಇಲ್ಲ. ಇದರ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಪುಸ್ತಕ 2018ರಲ್ಲೇ ಬಂದಿದೆ, ಅದೂ ಇತಿಹಾಸ ಗ್ರಂಥದ ರೂಪದಲ್ಲಿ. ಯಾರು ಗೆದ್ದರು, ಯಾರು ಸತ್ತರು ಎಲ್ಲ ಅಲ್ಲಿದೆ. ಅದಕ್ಕೂ ಮೊದಲು, 2013ರಲ್ಲಿ, ಇದೇ ರಾಜ್ಯದ ಮುಂದಿನ ಕಾಲದ ಕಥೆಯಾದ ‘ಗೇಮ್ ಆಫ್ ಥ್ರೋನ್ಸ್’ ಸೀರೀಸಿನ ಮೂರನೇ ಸೀಸನ್ನಿನಲ್ಲೇ ಒಬ್ಬ ರಾಜ ಹಿಂದಿನ ರಾಜವಂಶದ ಹಳೆಯ ಕಥೆ ಹೇಳುವಂತೆ ಈ ರಾಜಕುಮಾರಿಯ ಕೊನೆಯನ್ನು ಹೇಳಿ ಮುಗಿಸಿದ್ದಾನೆ. ಮಾಡಿದವರೇ ಮುಚ್ಚಿಡದ ಕೊನೆಯನ್ನು ಊಟದ ಟೇಬಲ್ಲಿನಲ್ಲಿ ಮುಚ್ಚಿಡುತ್ತೇವೆ.

ಹೀಗೆ ಗುಟ್ಟಿನ ಮೇಲೆಯೇ ಕೂತು ನೋಡುವವರಿಗೆ ಏನಾಗುತ್ತದೆ ಎನ್ನುವುದು 2019ರಲ್ಲಿ ಕಂಡಿತು. ‘ಗೇಮ್ ಆಫ್ ಥ್ರೋನ್ಸ್’ ಎಂಟು ಸೀಸನ್ ನಡೆದು ಮುಗಿದಾಗ, ಕೊನೆಯ ಸೀಸನ್ನನ್ನು ಮತ್ತೆ ತೆಗೆಯಿರಿ ಎಂದು ಆನ್‌ಲೈನ್ ಮನವಿಗೆ 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊನೆಯಲ್ಲಿ ಅವಸರ ಇದ್ದದ್ದು ನಿಜ. ಮೊದಲ ಆರು ಸೀಸನ್ನಿಗೆ ಹತ್ತತ್ತು ಕಂತು, ಏಳಕ್ಕೆ ಏಳು, ಎಂಟಕ್ಕೆ ಬರೇ ಆರು. ಆದರೆ ಸಿಟ್ಟಿನ ದೊಡ್ಡ ಪಾಲು ಬಂದದ್ದು ತಾವು ಕಟ್ಟಿಕೊಂಡ ಊಹೆ ನಿಜವಾಗಲಿಲ್ಲ ಎಂಬುದರಿಂದ. ಕೊನೆ ಹಿಡಿಸದಿದ್ದಕ್ಕೆ ಹಿಂದಿನ ಎಲ್ಲ ಕಂತಿನ ನಟನೆ, ಮಾತು, ಸಂಗೀತ ಒಟ್ಟಿಗೆ ಕಸದ ಬುಟ್ಟಿಗೆ ಹೋದವು. ದುರ್ಯೋಧನ ಬಿದ್ದದ್ದು ಸರಿಯಿಲ್ಲ, ಮತ್ತೆ ಆಡಿ ಎಂದು ನಾಟಕದ ಮಾರನೇ ದಿನ ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಎರಡನೇ ದುರ್ಯೋಧನನಿಗೆ ಒನ್ಸ್ ಮೋರ್ ಯಾಕೆ ಬರಲಿಲ್ಲ ಎಂಬುದರ ಬಗ್ಗೆ ಮಾತ್ರ ಅರಳಿಕಟ್ಟೆಯಲ್ಲಿ ವಾರಗಟ್ಟಲೆ ಚರ್ಚೆ.

ನ್ಯಾಯದ ಪ್ರಶ್ನೆಯಲ್ಲೂ ಹಾಗೆಯೇ. ಪುಣೆಯ ಟೇಬಲ್ಲಿನಲ್ಲಿ ರಾಜಕುಮಾರಿಯ ಕಪ್ಪು ಪಕ್ಷ ಗೆಲ್ಲುತ್ತದೋ ಅವಳ ಮಲತಾಯಿಯ ಹಸಿರು ಪಕ್ಷ ಗೆಲ್ಲುತ್ತದೋ ಎಂದು ಬಾಜಿ ಕಟ್ಟುತ್ತಾರೆ. ಊರಿನಲ್ಲಿ ಕೇಳುವುದು ಪಾಲು ಯಾರಿಗೆ ಸೇರಬೇಕು ಎಂದು. ಅಪ್ಪ ಸಭೆ ಸೇರಿಸಿ, ಎಲ್ಲರಿಂದ ಆಣೆ ಮಾಡಿಸಿ, ಮಗಳಿಗೆ ಬರೆದುಕೊಟ್ಟಿದ್ದಾನೆ. ಆಮೇಲೆ ಎರಡನೇ ಹೆಂಡತಿಗೆ ಗಂಡುಮಗ ಹುಟ್ಟಿದ. ಈ ಕಥೆಗೆ ಡ್ರ್ಯಾಗನ್ ಬೇಕಾಗಿಲ್ಲ, ಮಂಡ್ಯದ ಕೋರ್ಟು ಆವರಣದಲ್ಲಿ ಬೇಕಾದಷ್ಟಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ಅರಿಶಿನ ಕುಂಕುಮದ ಲೆಕ್ಕದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಅಂಥ ಸಹಿ ಹಾಕಿದ ಹೆಣ್ಣುಮಗಳು ಈ ಸೀರೀಸ್ ನೋಡಿ ಆಡುವ ಮಾತಿಗಿರುವ ತೂಕ ಬೇರೆ ಯಾರ ಮಾತಿಗೂ ಇಲ್ಲ. ರಾಜಕುಮಾರಿ ತನ್ನ ತಂದೆಯ ತಮ್ಮನನ್ನೇ ಮದುವೆಯಾದಾಗ ಇಲ್ಲಿ ಪುಣೆಯಲ್ಲಿ ಎಲ್ಲರೂ ಒಟ್ಟಾಗಿ ಮುಖ ಸಿಂಡರಿಸಿದರು. ಊರಿನ ಆಕ್ಷೇಪ ಕರಾರುವಾಕ್ಕಾಗಿತ್ತು: ಸೋದರಮಾವನಾಗಿದ್ದರೆ ಸರಿ, ಚಿಕ್ಕಪ್ಪ ಅಪ್ಪನ ಸಮಾನ, ಅದು ಹೇಗಾದೀತು? ಇಲ್ಲಿನವರು ವಂಶವೃಕ್ಷದ ಚಿತ್ರ ಇಳಿಸಿಕೊಂಡು ಹೆಸರು ಹೊಂದಿಸುತ್ತಿದ್ದಾಗ ಅಲ್ಲಿನವರು ಯಾರು ಯಾರಿಗೆ ದಾಯಾದಿ ಎಂದು ಎರಡನೇ ಕಂತಿಗೇ ತಿಳಿದುಕೊಂಡಿದ್ದರು.

ಊರಿನವರ ನೋಟದಲ್ಲಿ ನನಗೆ ತಾಳ್ಮೆ ಕೆಡಿಸುವುದು ಒಂದಿದೆ. ‘ಬರೀ ಕತ್ಲು, ಏನೂ ಕಾಣಕಿಲ್ಲ’ ಎಂದು ಅರ್ಧಕ್ಕೆ ಬಿಡುತ್ತಾರೆ. ಸ್ಟೇಜಿನ ಮೇಲೆ ರಾಜರು ಫೋಕಸ್ ಲೈಟಿನಲ್ಲಿ ಝಗಮಗ ಹೊಳೆಯುವುದನ್ನು ನೋಡಿ ಬೆಳೆದ ಕಣ್ಣು ಅದು, ಒಪ್ಪುತ್ತೇನೆ. ದೂರಿನಲ್ಲಿ ಸತ್ಯವೂ ಇದೆ. 2019ರ ಏಪ್ರಿಲ್‌ನಲ್ಲಿ ಬಂದ ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತಿಗೂ 2022ರ ಅಕ್ಟೋಬರ್‌ನಲ್ಲಿ ಬಂದ ಡ್ರ್ಯಾಗನ್ ಸೀರೀಸಿನ ಏಳನೇ ಕಂತಿಗೂ ಲೋಕದ ತುಂಬ ಇದೇ ದೂರು ಬಂತು. ಬೇಕೆಂದೇ ಹಾಗೆ ಮಾಡಿದ್ದು ಎಂದು ಎರಡೂ ಸಲ ಉತ್ತರ ಕೊಟ್ಟರು. ಆದರೆ ನಮ್ಮ ಮನೆಗಳಲ್ಲಿ ಟಿ.ವಿ. ಅಂಗಡಿಯಿಂದ ಬಂದ ದಿನ ಯಾವ ಸೆಟ್ಟಿಂಗಿನಲ್ಲಿತ್ತೋ ಅದರಲ್ಲೇ ಇರುತ್ತದೆ. ವಿವಿಡ್ ಮೋಡ್ ಕಾಂಟ್ರಾಸ್ಟ್ ಎಳೆದು ಕಪ್ಪಿನೊಳಗಿನ ವಿವರವನ್ನು ನುಂಗಿಬಿಡುತ್ತದೆ. ಕರೆಂಟು ಉಳಿಸುವ ಇಕೋ ಮೋಡ್ ಇದ್ದರೆ ಹಿಂದಿನ ಬೆಳಕೂ ತಗ್ಗುತ್ತದೆ. ಪಿಕ್ಚರ್ ಮೋಡನ್ನು ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ತಿರುಗಿಸಿ, ಇಕೋ ಮತ್ತು ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಟ್ಯೂಬ್‌ಲೈಟ್ ಆರಿಸಿ, ಟಿ.ವಿ. ಹಿಂದೆ ಒಂದು ಸಣ್ಣ ಬಲ್ಬ್ ಇಡಿ. ಆಗಲೂ ಕಪ್ಪು ಭಾಗ ಚೌಕ ಚೌಕವಾಗಿ ಒಡೆದರೆ ಅದು ಟಿ.ವಿ.ಯ ದೋಷವಲ್ಲ, ಇಂಟರ್‌ನೆಟ್ ನಿಧಾನವಾಗಿ ಚಿತ್ರದ ಗುಣಮಟ್ಟ ಇಳಿದಿದೆ ಎಂದರ್ಥ. ಎಚ್‌ಡಿಗೆ 5 ಎಂಬಿಪಿಎಸ್ ಆದರೂ ಬೇಕು, 4ಕೆಗೆ 15ರಿಂದ 25. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಸಂಜೆ ಎಂಟಕ್ಕೆ ನೋಡಿದರೆ ಅಷ್ಟು ಸಿಗದೇ ಹೋಗಬಹುದು, ಬೆಳಗಿನ ಹೊತ್ತು ನೋಡಿ. ಹಾಡುವವನ ಉಸಿರನ್ನು ಎಣಿಸುವ ಜನ ಇಷ್ಟು ಮಾಡದೆ ಸೀರೀಸನ್ನು ಬೈದರೆ ನನಗೆ ಬೇಸರವಾಗುತ್ತದೆ.

ಇನ್ನು, ಬಾಯಿ ಕಟ್ಟಿಕೊಂಡು ಕೂರುವ ಇಲ್ಲಿನವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. 2013ರ ಜೂನ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಮದುವೆ ಮನೆಯ ಕಗ್ಗೊಲೆಯ ಕಂತು ಬಂದಾಗ ಪುಸ್ತಕ ಓದಿದವರಿಗೆ ಅದು 2000ದಿಂದಲೇ ಗೊತ್ತಿತ್ತು. ಹದಿಮೂರು ವರ್ಷ ತುಟಿ ಬಿಚ್ಚಲಿಲ್ಲ. ತಮ್ಮ ಸ್ನೇಹಿತರ ಮುಖದಲ್ಲಿ ಆ ಗಳಿಗೆ ಏನಾಗುತ್ತದೆ ಎಂದು ನೋಡಲಿಕ್ಕೆಂದೇ ಫೋನ್ ಹಿಡಿದು ಪಕ್ಕದಲ್ಲಿ ಕೂತರು. ಒಬ್ಬರಿಗೆ ಬದುಕಿನಲ್ಲಿ ಒಮ್ಮೆ ಮಾತ್ರ ಸಿಗುವ ಅನುಭವವೊಂದನ್ನು ಇನ್ನೊಬ್ಬರು ಅಷ್ಟು ವರ್ಷ ಜೋಪಾನ ಮಾಡಿದರು. ಅದು ದೊಡ್ಡ ಮನಸ್ಸು. ನಮ್ಮೂರಿನ ರೀತಿಯಲ್ಲಿ ನೋಡಿದ್ದರೆ ಆ ಕಂತಿನ ಅರ್ಧ ಶಕ್ತಿ ಹೋಗುತ್ತಿತ್ತು. ಬಾಗಿಲು ಮುಚ್ಚಿಕೊಂಡಾಗ ಕೊಲೆಯಾಗಲಿರುವ ರಾಜನ ತಾಯಿಯ ಮುಖ ಬದಲಾಗುವುದನ್ನು ಆಗಲೂ ಮೆಚ್ಚುತ್ತಿದ್ದೆವು, ಆದರೆ ಅವಳ ಜೊತೆಯಲ್ಲೇ ನಮಗೂ ಅದು ಹೊಳೆಯುತ್ತಿರಲಿಲ್ಲ.

ಅದಕ್ಕಿಂತಲೂ ಒಪ್ಪಿಕೊಳ್ಳಲು ಕಷ್ಟವಾದದ್ದು ಇನ್ನೊಂದಿದೆ. ಕಥೆ ಎಲ್ಲರಿಗೂ ಗೊತ್ತಿರುವ ಕಡೆ ಮಾತ್ರ ನಮ್ಮ ನೋಟ ಚುರುಕು. ಮಂಡ್ಯದ ಕಲಾಮಂದಿರದಲ್ಲಾಗಲಿ ಮೈಸೂರಿನ ಪುರಭವನದಲ್ಲಾಗಲಿ ಪೌರಾಣಿಕ ನಾಟಕದ ಕರಪತ್ರ ನೋಡಿದರೆ ಅದೇ ಕುರುಕ್ಷೇತ್ರ, ಅದೇ ದಾನಶೂರ ಕರ್ಣ. ಡ್ರಾಮಾ ಮೇಷ್ಟ್ರಿಗೆ ಹೊಸ ಕಥೆ ಕಲಿಸಿ ಎಂದರೆ ಪಾತ್ರಕ್ಕೆ ದುಡ್ಡು ಹಾಕುವವರು ಸಿಗುವುದಿಲ್ಲ, ಯಾಕೆಂದರೆ ಗೊತ್ತಿಲ್ಲದ ಪಾತ್ರಕ್ಕೆ ಒನ್ಸ್ ಮೋರ್ ಬರುವುದಿಲ್ಲ. ಅಷ್ಟು ಸೂಕ್ಷ್ಮವಾದ ಕಿವಿ, ಕಣ್ಣು ಇರುವ ಪ್ರೇಕ್ಷಕರಿದ್ದೂ ಅವರಿಗಾಗಿ ಹೊಸ ರಾಜ, ಹೊಸ ರಾಜ್ಯ ಕಟ್ಟುವ ಧೈರ್ಯ ಆ ಸ್ಟೇಜಿನ ಮೇಲೆ ಕಾಣುವುದಿಲ್ಲ. ಇದಕ್ಕೆ ಉತ್ತರವಾಗಿ ಊರಿನ ಪರ ಹೇಳಲು ನನ್ನ ಬಳಿ ಏನೂ ಇಲ್ಲ.

ಅದರಿಂದ ಮುಂದಿನ ಸೀಸನ್ನಿಗೆ ಮನೆಯ ಗ್ರೂಪಿನವರಲ್ಲಿ ಕೇಳಿಕೊಳ್ಳುವುದಿಷ್ಟು. ಡ್ರ್ಯಾಗನ್ ಕಥೆಯಲ್ಲಿ ಯಾರು ಸಾಯುತ್ತಾರೆ ಎಂದು ಧಾರಾಳವಾಗಿ ಹೇಳಿ, ಅದು ಪುಸ್ತಕದಲ್ಲಿದೆ. ಪುಸ್ತಕವಿಲ್ಲದ, ಹೊಸದಾಗಿ ಬರೆದ ಸೀರೀಸ್ ಆದರೆ ಬುಧವಾರದ ತನಕ ಸತ್ತವರ ಹೆಸರು ಬೇಡ, ಕ್ಲಿಪ್ಪೂ ಬೇಡ. ಕಂತಿನ ಸಂಖ್ಯೆ ಬರೆದು, ಎಷ್ಟನೇ ನಿಮಿಷದಲ್ಲಿ ಯಾರ ಕೈ ನೋಡಬೇಕು, ಯಾರ ನಡಿಗೆ ನೋಡಬೇಕು ಎಂದು ಒಂದು ಸಾಲು ಹಾಕಿ. ಇಲ್ಲಿನ ಟೇಬಲ್ಲಿಗೂ ಅದನ್ನೇ ಹಿಂದಿಗೆ ತಿರುಗಿಸಿ ದಾಟಿಸುತ್ತೇನೆ.