ಹೊಟ್ಟು ನೆಕ್ಕುವ ಮೊಲ, 'ಹುಚ್ಚು' ಅನ್ನುವ ನಾವು

ಮತ್ತೆ ಅದೇ ರಗಳೆ. ಜೆಕ್ ಸಿನಿಮಾ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್ ಮಾಡಿದ ಮೊಲದ ವಿಡಿಯೊ ತುಣುಕೊಂದು ನೆಟ್‌ನಲ್ಲಿ ಓಡಾಡ್ತಾ ಇದೆ. ಕೆಳಗೆ 'ಯಪ್ಪಾ, ಏನು ಹುಚ್ಚು', 'ಏನು ಸೇದಿ ಮಾಡಿದ್ದೋ' ಅಂತ ಸಾಲುಸಾಲು. ಹೊಗಳೋರದ್ದು ಇನ್ನೂ ಸಪ್ಪೆ: 'ಕನಸಿನ ಹಾಗಿದೆ'. ಅಷ್ಟಕ್ಕೆ ಮುಗೀತು. ಕೈ ಏನು ಮಾಡಿದೆ ಅಂತ ನೋಡೋರೇ ಇಲ್ಲ.

1988ರ 'ಆಲಿಸ್' ಚಿತ್ರದ ಆ ಮೊಲ ಅಂಗಡಿ ಗೊಂಬೆಯಲ್ಲ, ನಿಜವಾದ ಚರ್ಮದೊಳಗೆ ಮರದ ಹೊಟ್ಟು ತುಂಬಿದ್ದು. ಪಾದದ ಮೊಳೆ ಕಿತ್ತುಕೊಂಡು ಏಳುತ್ತೆ. ಎದೆಯ ಸೀಳಿನಿಂದ ಹೊಟ್ಟು ಸುರಿಯುತ್ತೆ. ಅದರೊಳಗಿಂದ ಗಡಿಯಾರ ಎಳೆದು, ಅಂಟಿದ ಹೊಟ್ಟನ್ನು ನೆಕ್ಕುತ್ತೆ! ಇದು ಸ್ಟಾಪ್ ಮೋಷನ್: ವಸ್ತುವನ್ನು ಕೈಯಿಂದ ಚೂರುಚೂರೇ ಅಲುಗಿಸಿ, ಒಂದೊಂದೇ ಫ್ರೇಮು (ಸ್ಥಿರಚಿತ್ರ) ತೆಗೆದು ಜೋಡಿಸೋದು. ಇದರಲ್ಲಿ ರೋಮಕ್ಕಿಂತ ದೊಡ್ಡ ಶತ್ರು ಇಲ್ಲ. ಪ್ರತಿ ಸಲ ಮುಟ್ಟಿದಾಗಲೂ ಕೂದಲು ಬೇರೆ ಕಡೆ ವಾಲುತ್ತೆ, ಪರದೆ ಮೇಲೆ ಮೈಯೆಲ್ಲ ತೆವಳಿದ ಹಾಗೆ ಕಾಣುತ್ತೆ. ಹೊಟ್ಟಂತೂ ಒಮ್ಮೆ ಸುರಿದರೆ ಹಿಂದಿನ ಫ್ರೇಮಿಗೆ ವಾಪಸ್ ಹೋಗೋ ಮಾತೇ ಇಲ್ಲ.

ಆತ ಜೇಡಿಮಣ್ಣಿನಲ್ಲೂ ಸಿನಿಮಾ ಮಾಡಿದವನು, ಅದರ ಕಥೆ ಕೇಳಿ. ಸೆಕೆಂಡಿಗೆ 24 ಫ್ರೇಮು. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮು ಹಿಡಿದರೂ ಸೆಕೆಂಡಿಗೆ 12, ನಿಮಿಷಕ್ಕೆ 720 ಸಲ ಕೈ ಹಾಕಬೇಕು. ನೀರು ಕಲಸಿದ ಮಣ್ಣು ದೀಪದ ಕಾವಿಗೆ ಒಣಗಿ ಬಿರುಕು ಬಿಡುತ್ತೆ. ಎಣ್ಣೆ ಬೆರೆತ ಪ್ಲಾಸ್ಟಿಸಿನ್ ಒಣಗಲ್ಲ, ಆದರೆ ಮೆತ್ತಗಾಗಿ ಕುಸಿಯುತ್ತೆ. ಒಳಗೆ ತಂತಿಯ ಅಸ್ಥಿಪಂಜರ ಇಟ್ಟರೆ ನಿಲ್ಲುತ್ತೆ, ಆದರೆ ಕರಗೋ ದೇಹಕ್ಕೆ ತಂತಿ ಇಡೋದು ಎಲ್ಲಿ? ಕ್ಯಾಮೆರಾದ ಎಕ್ಸ್‌ಪೋಶರನ್ನು (ಒಳಗೆ ಬಿಡೋ ಬೆಳಕಿನ ಅಳತೆ) ಆಟೋದಲ್ಲಿ ಬಿಟ್ಟರೆ ಬೆಳಕು ಮಿಣಮಿಣ. ಬಿಳಿ ಅಂಗಿ ಹಾಕಿ ಪಕ್ಕ ನಿಂತರೂ ಸಾಕು, ಅದರ ಪ್ರತಿಫಲನ ಫ್ರೇಮಿನಿಂದ ಫ್ರೇಮಿಗೆ ಕುಣಿಯುತ್ತೆ. ಇಷ್ಟೆಲ್ಲ ಇದ್ದೂ ಆತನ 1982ರ 'ಸಂವಾದದ ಸಾಧ್ಯತೆಗಳು' ಕಿರುಚಿತ್ರದಲ್ಲಿ ಮಣ್ಣಿನ ಗಂಡು ಹೆಣ್ಣು ಒಬ್ಬರೊಳಗೊಬ್ಬರು ಕರಗಿ, ಮತ್ತೆ ಬೇರೆಯಾಗಿ, ಕೊನೆಗೆ ಒಬ್ಬರನ್ನೊಬ್ಬರು ಹರಿದು ಹಾಕ್ತಾರೆ. ಇದು ಹುಚ್ಚಂತೆ. ಇಷ್ಟು ಲೆಕ್ಕ ಇಡೋ ಹುಚ್ಚ ಸಿಕ್ಕರೆ ನನಗೂ ತೋರಿಸಿ.

'ಈಗ ಕಂಪ್ಯೂಟರಿನಲ್ಲಿ ಅರ್ಧ ದಿನದಲ್ಲಿ ಆಗುತ್ತೆ' ಅಂತೀರಿ. ಆಗಲಿ, ಮಾಡಿ. ಮೊಲ ಬರುತ್ತೆ, ಹೊಟ್ಟೂ ಬರುತ್ತೆ. ನೋಡಿದಾಗ ಬೆರಳ ತುದಿ ಜುಮ್ ಅನ್ನೋದು ಬರಲ್ಲ. ಆ ಜುಮ್ ಪುಕ್ಕಟೆ ಬಂದದ್ದಲ್ಲ. 1970ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ಅಧಿಕಾರಿಗಳು ಕೆಲವು ವರ್ಷ ಈ ಪುಣ್ಯಾತ್ಮನಿಗೆ ಸಿನಿಮಾ ಮಾಡೋಕೆ ಬಿಡಲಿಲ್ಲ. ಆಗ ಆತ ಹಿಡಿದದ್ದು ಸ್ಪರ್ಶದ ಪ್ರಯೋಗ: ಕಣ್ಣಿಗಲ್ಲ, ಮುಟ್ಟಿ ನೋಡೋಕೆ ಅಂತಲೇ ಕಲಾಕೃತಿಗಳು. ಮರಳಿ ಸಿನಿಮಾಕ್ಕೆ ಬಂದಾಗ ಆ ಬೆರಳುಗಳೂ ಜೊತೆಗೆ ಬಂದವು. ಮೂಳೆ, ಚಿಪ್ಪು ಜೋಡಿಸಿ ಮಾಡಿದ ಆತನ, ಲೋಕದಲ್ಲೇ ಇಲ್ಲದ ಪ್ರಾಣಿಗಳನ್ನು ನೋಡಿ. ಇಂಥ ಜೋಡಣೆಗೆ ಹಳೇ ನಂಟಿದೆ. ಹಣ್ಣು ತರಕಾರಿಯಿಂದ ಮುಖ ಕಟ್ಟಿದ 16ನೇ ಶತಮಾನದ ಚಿತ್ರಕಾರ ಆರ್ಚಿಂಬೋಲ್ಡೊ, ದೊರೆ ಎರಡನೇ ರುಡಾಲ್ಫನಿಗೆ ಚಿತ್ರ ಬರೆದವನು, ಆ ದೊರೆ ವಿಚಿತ್ರ ವಸ್ತುಗಳನ್ನು ಗುಡ್ಡೆ ಹಾಕಿದ್ದು ಪ್ರಾಗ್‌ನಲ್ಲಿ, ಶ್ವಾಂಕ್‌ಮಾಯರ್ 1934ರಲ್ಲಿ ಹುಟ್ಟಿದ್ದೂ ಅದೇ ಊರಲ್ಲಿ.

(ನಾನೂ ಹಿಂದೆ 'ಸರ್ರಿಯಲ್' (ಕನಸಿನಂತೆ ತರ್ಕ ಮೀರಿದ್ದು) ಅಂತ ಒಂದು ಪದ ಎಸೆದು ಕೈ ತೊಳ್ಕೊಂಡವನೇ. ಅದಕ್ಕೇ ಇಷ್ಟು ಉರಿ.)

'ಸಂವಾದದ ಸಾಧ್ಯತೆಗಳು' ಕಿರುಚಿತ್ರದ ಮೂರನೇ ಭಾಗ ಹಾಕಿ. ಎರಡು ಮಣ್ಣಿನ ತಲೆ ಎದುರುಬದುರು. ಒಂದರ ಬಾಯಿಂದ ಹಲ್ಲುಜ್ಜೋ ಬ್ರಷ್ಷು, ಇನ್ನೊಂದರಿಂದ ಪೇಸ್ಟು. ಬ್ರೆಡ್ಡಿಗೆ ಬೆಣ್ಣೆ, ಪೆನ್ಸಿಲಿಗೆ ಶಾರ್ಪನರ್. ಆಮೇಲೆ ಜೋಡಿ ತಪ್ಪಿ ಶೂಗೆ ಬೆಣ್ಣೆ ಬೀಳುತ್ತೆ. ಒಂದೊಂದೇ ಫ್ರೇಮು ನಿಲ್ಲಿಸಿ ನೋಡಿ, ಬಂದು 'ಹುಚ್ಚು' ಅಂತಲೇ ಬರೀರಿ. ಯಾವ ಫ್ರೇಮಿನಲ್ಲಿ ಅನ್ನೋದನ್ನೂ ಬರೀರಿ.